ಬೈಗುಳಕ್ಕೂ ಒಂದು ಸೀಮೆ

1914ನೆಯ ಇಸವಿ ಏಪ್ರಿಲ್ 11ನೆಯ ತಾರೀಖು. ಲಂಡನ್ನಿನ ಹಿಸ್ ಮೆಜೆಸ್ಟೀಸ್ ನಾಟಕಶಾಲೆಯಲ್ಲಿ ಬರ್ನಾರ್ಡ್ ಷಾ ಅವರ ‘ಪಿಗ್ಮೇಲಿಯನ್’ ನಾಟಕದ ಮೊದಲ ಇಂಗ್ಲಿಷ್ ಪ್ರದರ್ಶನ. ಬೀದಿಯಲ್ಲಿ ಹೂ ಮಾರುತ್ತಿದ್ದ ಎಲಿಜಾ ಎಂಬ ಹುಡುಗಿಗೆ ಧ್ವನಿಶಾಸ್ತ್ರದ ಪಂಡಿತನಾದ ಹಿಗ್ಗಿನ್ಸ್ ಮಹಾಶಯ ದೊಡ್ಡ ಮನೆತನದವರ ಉಚ್ಚಾರಣೆಯನ್ನು ಕಲಿಸಿ, ಪರೀಕ್ಷಾರ್ಥವಾಗಿ ತನ್ನ ತಾಯಿಯ ಮನೆಯ ಚಹಾಕೂಟಕ್ಕೆ ಕರೆತಂದಿದ್ದಾನೆ. ಹುಡುಗಿ ಒಂದೊಂದು ಸ್ವರವನ್ನೂ ತೂಗಿ, ಒಂದೊಂದು ವ್ಯಂಜನವನ್ನೂ ತಿದ್ದಿ ಮಾತನಾಡುತ್ತಾಳೆ. ಹೊರಡುವ ಹೊತ್ತಿಗೆ, ಉದ್ಯಾನವನ್ನು ಹಾಯ್ದು ನಡೆದುಕೊಂಡು ಹೋಗುವಿರೋ ಎಂದು ತರುಣನೊಬ್ಬ ವಿನಯದಿಂದ ಕೇಳುತ್ತಾನೆ. ಎಲಿಜಾ ಅಷ್ಟೇ ಪರಿಶುದ್ಧವಾದ ಉಚ್ಚಾರಣೆಯಲ್ಲಿ, ಹೂವಿನ ಬುಟ್ಟಿಯ ಕಾಲದ ಒಂದು ಪದವನ್ನು ನಡುವೆ ಸೇರಿಸಿ, ಖಂಡಿತ ಇಲ್ಲವೆಂದು ಹೇಳಿ ಹೊರಟುಹೋಗುತ್ತಾಳೆ.

ಆ ಪದ ‘ಬ್ಲಡಿ’. ಎಲಿಜಾಳ ಪಾತ್ರ ವಹಿಸಿದ್ದ ಶ್ರೀಮತಿ ಪ್ಯಾಟ್ರಿಕ್ ಕ್ಯಾಂಬೆಲ್ ಅವರಿಗೆ ಆಗ 49 ವರ್ಷ. ಅವರು ಈ ಮಾತನ್ನಾಡಿದೊಡನೆ ಪ್ರೇಕ್ಷಕರು ಮೊದಲು ಬೆಚ್ಚಿದರು, ಆಮೇಲೆ ನಗಲಾರಂಭಿಸಿದರು. ಆ ನಗೆ ಅಡಗುವವರೆಗೆ ನಾಟಕ ಮುಂದುವರಿಯಲಾರದೆ ನಿಂತಿತು. ಪತ್ರಿಕೆಗಳಲ್ಲಿ ದೊಡ್ಡ ಗದ್ದಲವೇ ಎದ್ದಿತು.

ನಕ್ಕವರು ನಕ್ಕದ್ದು ಏತಕ್ಕೆ? ಎಲಿಜಾ ಹುಟ್ಟಿ ಬೆಳೆದ ಓಣಿಯಲ್ಲಿ ಆ ಪದಕ್ಕೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅಲ್ಲಿ ಅದು ಮಾತಿಗೆ ಹಾಕುವ ಒಗ್ಗರಣೆ. ಶ್ರೀಮಂತರ ನಡುಮನೆಗೆ ಬಂದಾಗ ಅದೇ ಒಗ್ಗರಣೆ ಕಣ್ಣಿಗೆ ಸಿಡಿಯಿತು. ಉಚ್ಚಾರಣೆಯನ್ನು ಕೆಲವು ತಿಂಗಳಲ್ಲಿ ಕಲಿಸಬಹುದು. ಯಾವ ಬೈಗುಳ ಯಾವ ಮನೆಯಲ್ಲಿ ಎಷ್ಟು ತೂಗುತ್ತದೆಂಬುದನ್ನು ಹಿಗ್ಗಿನ್ಸ್ ಕಲಿಸಿರಲಿಲ್ಲ. ಯಾವ ನಿಘಂಟೂ ಅದನ್ನು ಕಲಿಸಲಾರದು. ಪದದ ಅರ್ಥ ನಿಘಂಟಿನಲ್ಲಿ ಸಿಕ್ಕೀತು, ಪದದ ತೂಕ ಮಾತ್ರ ಆಡುವವರ ಮತ್ತು ಕೇಳುವವರ ನಡುವಿನ ಒಡಂಬಡಿಕೆಯಲ್ಲಿದೆ. ಈ ಒಡಂಬಡಿಕೆ ಸೀಮೆ ದಾಟಿದೊಡನೆ ಮುರಿಯುತ್ತದೆ.

ಈ ‘ಬ್ಲಡಿ’ಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ‘ಪಿಗ್ಮೇಲಿಯನ್’ 1956ರಲ್ಲಿ ‘ಮೈ ಫೇರ್ ಲೇಡಿ’ ಎಂಬ ಸಂಗೀತನಾಟಕವಾಗುವ ವೇಳೆಗೆ ಅದು ಸವೆದುಹೋಗಿತ್ತು. ಪ್ರೇಕ್ಷಕರನ್ನು ಬೆಚ್ಚಿಸಲು ಎಲಿಜಾಳ ಬಾಯಲ್ಲಿ ಬೇರೊಂದು ಮಾತನ್ನು ಇಡಬೇಕಾಯಿತು. ಅಷ್ಟರಲ್ಲಿ ಸಮುದ್ರ ದಾಟಿ ಆಸ್ಟ್ರೇಲಿಯಕ್ಕೆ ಹೋದ ಅದೇ ಪದ ಅಲ್ಲಿನವರಿಗೆ ಉಪ್ಪಿನಷ್ಟು ನಿತ್ಯದ್ದಾಗಿ, ‘ಮಹಾ ಆಸ್ಟ್ರೇಲಿಯನ್ ವಿಶೇಷಣ’ವೆಂಬ ಬಿರುದನ್ನೂ ಪಡೆದಿತ್ತು. 2006ರಲ್ಲಿ ಆ ದೇಶದ ಪ್ರವಾಸ ಇಲಾಖೆಯವರು, ಎಲ್ಲ ಸಿದ್ಧವಾಗಿದೆ, ಇನ್ನೂ ಏಕೆ ಬಂದಿಲ್ಲವೆಂಬ ಸಲಿಗೆಯ ಕರೆಯೊಂದನ್ನು ಈ ಪದ ಸೇರಿಸಿಯೇ ಜಾಹೀರಾತು ಮಾಡಿದರು. ಬ್ರಿಟನ್ನಿನ ದೂರದರ್ಶನ ಜಾಹೀರಾತುಗಳನ್ನು ಪರಿಶೀಲಿಸುವವರು ಮೊದಲಿಗೆ ಅದಕ್ಕೆ ಅಡ್ಡಿಮಾಡಿದರು. ಆಸ್ಟ್ರೇಲಿಯದವರಿಗೆ ಇದು ಅರ್ಥವೇ ಆಗಲಿಲ್ಲ. ಪದವನ್ನು ತಮಗೆ ಕಳುಹಿಸಿಕೊಟ್ಟವರೇ ಇಂಗ್ಲಿಷರಲ್ಲವೆ? ಬಳಿಕ ಅಡ್ಡಿ ತೆಗೆದರೆನ್ನಿ. ಆದರೆ ಷಾ ಅವರ ನಾಟಕವಾಗಿ 92 ವರ್ಷ ಕಳೆದಿದ್ದರೂ ಎಲಿಜಾಳ ಪದ ಲಂಡನ್ನಿನ ಬಾಗಿಲಲ್ಲಿ ಮತ್ತೊಮ್ಮೆ ನಿಂತು ಅಪ್ಪಣೆ ಬೇಡಬೇಕಾಯಿತು.

ಸಮುದ್ರದ ಮಾತು ಹಾಗಿರಲಿ. ಬ್ರಿಟನ್ನು ಎಂಬ ಆ ದ್ವೀಪ ನಮ್ಮ ಕಣ್ಣಿಗೆ ಚಿಕ್ಕದು. ಆದರೆ ಅದರೊಳಗೇ ನಾಲ್ಕು ಗಂಟೆ ರೈಲಿನಲ್ಲಿ ಕುಳಿತರೆ ಬೈಗುಳ ಹೊಗಳಿಕೆಯಾಗುತ್ತದೆ, ಹೊಗಳಿಕೆ ಚುಚ್ಚುಮಾತಾಗುತ್ತದೆ. ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ದಾಖಲಿಸಿದವರು ಜೋಸೆಫ್ ರೈಟ್. 1855ರಲ್ಲಿ ಯಾರ್ಕ್‌ಷೈರಿನಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ಗಿರಣಿಯ ಕೂಲಿಗೆ ಹೋಗಿ, ಹದಿನೈದನೆಯ ವಯಸ್ಸಿನವರೆಗೂ ಓದುಬರಹ ಕಾಣದಿದ್ದ ಈ ಮಹನೀಯರು ಮುಂದೆ ಆಕ್ಸ್‌ಫರ್ಡಿನಲ್ಲಿ ತೌಲನಿಕ ಭಾಷಾಶಾಸ್ತ್ರದ ಪ್ರಾಧ್ಯಾಪಕರಾದರು. 1898ರಿಂದ 1905ರವರೆಗೆ ಆರು ಸಂಪುಟಗಳಲ್ಲಿ ಹೊರಬಂದ ಅವರ ಆಡುನುಡಿಗಳ ನಿಘಂಟನ್ನು ತೆರೆದರೆ, ಇಷ್ಟು ಬೈಗುಳಗಳಿರುವ ಜನಾಂಗ ಜಗತ್ತನ್ನಾಳಲು ಹೇಗೆ ಪುರುಸೊತ್ತು ಮಾಡಿಕೊಂಡಿತೆಂದು ಸೋಜಿಗವಾಗುತ್ತದೆ. ಅನಂತರ 1950ರಿಂದ 1961ರವರೆಗೆ ಲೀಡ್ಸ್ ವಿಶ್ವವಿದ್ಯಾನಿಲಯದ ಹೆರಾಲ್ಡ್ ಆರ್ಟನ್ ಅವರ ನೇತೃತ್ವದಲ್ಲಿ ಸಂಶೋಧಕರು 313 ಊರುಗಳಿಗೆ ಹೋಗಿ, 1,300ಕ್ಕೂ ಮಿಕ್ಕ ಪ್ರಶ್ನೆಗಳನ್ನು ಹಳ್ಳಿಯ ಮುದುಕರ ಮುಂದಿಟ್ಟು, ಉತ್ತರಗಳನ್ನು ಬರೆದುಕೊಂಡರು. ಎಡಗೈ ಬಳಸುವವನನ್ನು ಏನೆನ್ನುತ್ತೀರೆಂಬ ಒಂದೇ ಪ್ರಶ್ನೆಗೆ ದಕ್ಷಿಣದಲ್ಲಿ ‘ಕ್ಯಾಕ್-ಹ್ಯಾಂಡೆಡ್’, ಈಶಾನ್ಯದಲ್ಲಿ ‘ಕಡ್ಡಿ-ವಿಫ್ಟರ್’ ಎಂದು ಮೊದಲಾಗಿ ಅಣಕದ ಹೆಸರುಗಳ ಒಂದು ಸಂತೆಯೇ ನೆರೆಯಿತು. ಹೆಸರುಗಳನ್ನು ಭೂಪಟದ ಮೇಲೆ ಗುರುತಿಸಬಹುದು. ನೋವನ್ನು ಗುರುತಿಸುವ ಭೂಪಟ ಇನ್ನೂ ಆಗಿಲ್ಲ.

‘ಡಾಫ್ಟ್’ ಎಂಬ ಪದವನ್ನೇ ತೆಗೆದುಕೊಳ್ಳೋಣ. ಲಂಡನ್ನಿನ ಕಚೇರಿಯಲ್ಲಿ ಮೇಲಧಿಕಾರಿಯ ಸಲಹೆಯನ್ನು ‘ಡಾಫ್ಟ್’ ಎಂದರೆ ಅವನ ಬುದ್ಧಿಯನ್ನು ಹೀಗಳೆದಂತೆ. ಯಾರ್ಕ್‌ಷೈರಿನ ಅಜ್ಜಿ ಮೊಮ್ಮಗನನ್ನು ‘ಡಾಫ್ಟ್’ ಎಂದರೆ ತಲೆ ಸವರಿದಂತೆ. ಹಳೆಯ ಇಂಗ್ಲಿಷಿನಲ್ಲಿ ಇದರ ಮೂಲರೂಪಕ್ಕೆ ಸೌಮ್ಯ, ವಿನೀತ ಎಂದು ಅರ್ಥ. ಕುಶಲನೆಂಬ ಅರ್ಥದ ‘ಡೆಫ್ಟ್’ ಕೂಡ ಅದೇ ಬೇರಿನದು. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಜಾಣ, ಇನ್ನೊಬ್ಬ ಪೆದ್ದ. ನಮ್ಮ ಕರಾವಳಿಯಲ್ಲಿ ‘ಪಾಪದವನು’ ಎಂದರೆ ಸಾಧುಮನುಷ್ಯ. ಘಟ್ಟ ಹತ್ತಿ ಬಂದವನಿಗೆ ಅದು ಪಾಪಿಯೆಂದು ಕೇಳಿಸೀತು. ಸೌಮ್ಯತೆಯ ಮತ್ತು ಪೆದ್ದುತನದ ನಡುವಿನ ಗೋಡೆ ಎಲ್ಲ ಭಾಷೆಗಳಲ್ಲೂ ತೆಳುವೇ ಎಂದು ತೋರುತ್ತದೆ.

ಇನ್ನು ‘ನೆಶ್’. ದಕ್ಷಿಣ ಇಂಗ್ಲೆಂಡಿನ ಸುಶಿಕ್ಷಿತರಲ್ಲೇ ಹಲವರು ಈ ಪದವನ್ನು ಕೇಳಿರುವುದಿಲ್ಲ. ನಾಟಿಂಗ್‌ಹ್ಯಾಮ್, ಡರ್ಬಿ ಮುಂತಾದ ಮಧ್ಯಸೀಮೆಯ ಕಲ್ಲಿದ್ದಲ ಗಣಿಗಳಲ್ಲಿ ಮಾತ್ರ ಗಂಡಸಿಗೆ ಇದಕ್ಕಿಂತ ನಾಟುವ ಮಾತು ಕಡಿಮೆ. ಚಳಿ ತಡೆಯಲಾರದವನು, ಮೈ ನಾಜೂಕಿನವನು ಎಂದು ಅರ್ಥ. ಸಾವಿರ ವರ್ಷಕ್ಕೂ ಹಿಂದಿನ ಇಂಗ್ಲಿಷಿನಲ್ಲಿ ಇದು ಮೃದು ಎಂಬ ಸಾದಾ ವಿಶೇಷಣ. ಭೂಗರ್ಭದಲ್ಲಿ ಜೊತೆಯವನ ಗಟ್ಟಿತನವನ್ನು ನಂಬಿ ಜೀವ ಹಿಡಿದುಕೊಂಡಿರಬೇಕಾದ ಸ್ಥಳದಲ್ಲಿ ಮೆತ್ತಗಿನವನೆಂದು ಕರೆಯಿಸಿಕೊಳ್ಳುವುದೆಂದರೆ ಕೆಲಸಕ್ಕೆ ಬಾರದವನೆನಿಸಿಕೊಂಡಂತೆ. ಅದರ ನೆರೆಮನೆಯ ಪದ ‘ಮಾರ್ಡಿ’: ಮೋರೆ ಊದಿಸಿಕೊಂಡು ಕೂರುವ ಸಿಡುಕ. ನಾಟಿಂಗ್‌ಹ್ಯಾಮ್‌ಷೈರಿನ ಗಣಿಕಾರ್ಮಿಕನ ಮಗನಾಗಿ 1885ರಲ್ಲಿ ಹುಟ್ಟಿದ ಡಿ. ಎಚ್. ಲಾರೆನ್ಸರ ಬರಹಗಳಲ್ಲಿ ಇಂಥ ಮಾತುಗಳು ಗಣಿಯ ಮಸಿಯೊಡನೆಯೇ ಬರುತ್ತವೆ. 2006ರಲ್ಲಿ ಷೆಫೀಲ್ಡಿನ ಹುಡುಗರ ‘ಆರ್ಕ್‌ಟಿಕ್ ಮಂಕೀಸ್’ ಎಂಬ ಗಾಯನವೃಂದ ತಮ್ಮ ಒಂದು ಹಾಡಿನ ಹೆಸರಿನಲ್ಲೇ ‘ಮಾರ್ಡಿ’ಯನ್ನು ಇಟ್ಟಾಗ ದಕ್ಷಿಣದ ಎಷ್ಟೋ ಕೇಳುಗರು ಅರ್ಥಕ್ಕಾಗಿ ಉತ್ತರದ ಗೆಳೆಯರನ್ನು ಕೇಳಬೇಕಾಯಿತು.

‘ಕ್ಯಾನಿ’ ಎಂಬುದರ ಆಟ ಇದಕ್ಕೆ ವಿರುದ್ಧ. ಸ್ಕಾಟ್ಲೆಂಡಿನವನನ್ನು ‘ಕ್ಯಾನಿ’ ಎಂದು ಇಂಗ್ಲಿಷಿನವನು ಹೇಳಿದರೆ, ದುಡ್ಡಿನ ಚೀಲದ ಬಾಯಿ ಬಿಗಿಯಾಗಿ ಕಟ್ಟಿಕೊಂಡವನೆಂಬ ಹಳೆಯ ಹಾಸ್ಯ ಅದರ ಹಿಂದಿರುತ್ತದೆ. ಗಡಿಗೆ ಸ್ವಲ್ಪ ಈಚೆಗಿರುವ ನ್ಯೂಕಾಸಲ್ಲಿನಲ್ಲಿ ‘ಕ್ಯಾನಿ ಹುಡುಗ’ನೆಂದರೆ ಒಳ್ಳೆಯ ಹುಡುಗ, ಮಗಳನ್ನು ಕೊಡಬಹುದಾದವನು! ಹಾಗೆಯೇ ‘ಸ್ಲ್ಯಾಗ್’. ಇಂಗ್ಲೆಂಡಿನಲ್ಲಿ ಹೆಣ್ಣಿನ ಶೀಲದ ಮೇಲೆ ಕೆಸರೆರಚುವ ಈ ಪದ, ಐರ್ಲೆಂಡಿನಲ್ಲಿ ಕ್ರಿಯಾಪದವಾಗಿ ಗೆಳೆಯರ ನಡುವಣ ಗೇಲಿ. ನಿನ್ನೆ ಸಂಜೆಯೆಲ್ಲ ಅಕ್ಕನನ್ನು ‘ಸ್ಲ್ಯಾಗ್’ ಮಾಡಿದೆವೆಂದು ಡಬ್ಲಿನ್ನಿನ ಹುಡುಗ ನಗುನಗುತ್ತ ಹೇಳಿಯಾನು.

ನಮ್ಮ ಸೀಮೆಯಿಂದ ವೈದ್ಯನೊಬ್ಬ ಹೊಸದಾಗಿ ಆ ದೇಶದ ಆಸ್ಪತ್ರೆಗೆ ಹೋದನೆಂದಿಟ್ಟುಕೊಳ್ಳಿ; ಕಳೆದ ಶತಮಾನದ ಅರುವತ್ತರ ದಶಕದಿಂದ ಹಾಗೆ ಹೋದವರು ಬಹಳ. ಡರ್ಬಿಯಲ್ಲಿ ರೋಗಿ ಅವನನ್ನು ‘ಡಕ್’ ಎಂದು ಕರೆಯುತ್ತಾನೆ. ತನ್ನನ್ನು ಬಾತುಕೋಳಿಯೆಂದನಲ್ಲಾ ಎಂದು ವೈದ್ಯ ಸಿಟ್ಟಾದರೆ ಕೆಟ್ಟ. ಅದು ‘ಅಣ್ಣಾ’, ‘ಅಪ್ಪಾ’ ಇದ್ದಂತೆ. ಗಂಡಸರಿಗೂ ಸಲ್ಲುತ್ತದೆ, ಹೆಂಗಸರಿಗೂ ಸಲ್ಲುತ್ತದೆ. ಗ್ಲಾಸ್ಗೋದಲ್ಲಿ ಹೆಂಗಸರನ್ನು ‘ಹೆನ್’ ಎಂದರೆ ಹೇಂಟೆಯೆಂದಲ್ಲ, ತಾಯಿ ಎಂದಂತೆ. ಬ್ರಿಸ್ಟಲ್ಲಿನಲ್ಲಿ ತರಕಾರಿಯವಳು ‘ನನ್ನ ಲವರ್’ ಎಂದು ಕರೆದಳೆಂದು ಹೆಂಡತಿಗೆ ಕಾಗದ ಬರೆಯುವ ಮುನ್ನ ಅವನು ಯಾರನ್ನಾದರೂ ವಿಚಾರಿಸುವುದು ಕ್ಷೇಮ. ಡರ್ಬಿಯಲ್ಲಿ ‘ಡಕ್’ಗೆ ಒಗ್ಗಿದ ಮೇಲೆ ಅವನೇ ಲಂಡನ್ನಿಗೆ ವರ್ಗವಾಗಿ, ಅಲ್ಲಿನ ಮಹಿಳೆಯೊಬ್ಬಳನ್ನು ಹಾಗೆ ಕರೆದರೆ ಮೇಲಧಿಕಾರಿಗೆ ದೂರು ಹೋದರೂ ಹೋಗಬಹುದು.

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬಿಡಿಸಿ ಹೇಳಲಾಗದ ಕೆಲವು ಪದಗಳೂ ಇವೆ. ಅವುಗಳ ಸಂಗತಿಯನ್ನು ಸುತ್ತಿ ಬಳಸಿ ಹೇಳುತ್ತೇನೆ, ವಾಚಕರು ಕ್ಷಮಿಸಬೇಕು. ಲಂಡನ್ನಿನ ಕಾಕ್ನಿ ಜನಕ್ಕೆ ಪ್ರಾಸದಲ್ಲಿ ಗುಟ್ಟು ಮುಚ್ಚಿಡುವ ಅಭ್ಯಾಸ. ಇಂಗ್ಲಿಷಿನ ಅತ್ಯಂತ ಹೇಯವೆನಿಸಿದ ಪದದ ಪ್ರಾಸಕ್ಕೆ ‘ಬರ್ಕ್‌ಲಿ ಹಂಟ್’ ಎಂಬ ಬೇಟೆಯ ತಂಡದ ಹೆಸರನ್ನು ತಂದು, ಆಮೇಲೆ ಪ್ರಾಸದ ತುಂಡನ್ನೇ ಕತ್ತರಿಸಿ, ‘ಬರ್ಕ್’ ಎಂದಷ್ಟೇ ಉಳಿಸಿದರು. ಇಂದು ಸಭ್ಯ ಗೃಹಿಣಿಯರು ಗಂಡನನ್ನು ‘ಬರ್ಕ್’ ಎಂದು ಹುಸಿಮುನಿಸಿನಿಂದ ಬೈಯುತ್ತಾರೆ. ಅದರ ಮೂಲ ತಿಳಿದರೆ ಕಿವಿ ಮುಚ್ಚಿಯಾರು. ಆ ಹೇಯಪದವೇ ಗ್ಲಾಸ್ಗೋದ ಕೆಲವು ಬೀದಿಗಳಲ್ಲಿ ‘ಆಸಾಮಿ’ ಎಂಬಷ್ಟು ಸಪ್ಪೆಯಾಗಿ, ಒಳ್ಳೆಯ ಆಸಾಮಿ, ಕೆಟ್ಟ ಆಸಾಮಿ ಎರಡಕ್ಕೂ ಸಲ್ಲುತ್ತದೆ!

ತಿಳಿಯದೆ ಎಡವಿದವರಲ್ಲಿ ಮಹಾಕವಿಗಳೂ ಇದ್ದಾರೆ. ರಾಬರ್ಟ್ ಬ್ರೌನಿಂಗ್ 1841ರಲ್ಲಿ ಪ್ರಕಟಿಸಿದ ‘ಪಿಪ್ಪಾ ಪಾಸಸ್’ ಕಾವ್ಯನಾಟಕದಲ್ಲಿ ‘ಟ್ವಾಟ್’ ಎಂಬ ಪದವನ್ನು ಸಂನ್ಯಾಸಿನಿಯರ ತಲೆಯುಡುಪೆಂದು ತಿಳಿದು ಗಂಭೀರವಾಗಿ ಬಳಸಿಬಿಟ್ಟರು. ಹದಿನೇಳನೆಯ ಶತಮಾನದ ಒಂದು ಪೋಲಿ ಲಾವಣಿಯಲ್ಲಿ ಅದನ್ನು ಓದಿ, ಅದರಲ್ಲಿದ್ದ ಕುಚೋದ್ಯವನ್ನು ನಿಜವೆಂದು ನಂಬಿದ್ದರು. ಆಕ್ಸ್‌ಫರ್ಡ್ ನಿಘಂಟಿನವರು ವಿಚಾರಿಸಿದಾಗಲೂ ಪಾಪ, ಅದನ್ನೇ ಹೇಳಿದರು. ಬ್ರೌನಿಂಗರ ಕಾಲವಾಯಿತೆನ್ನಿ, 2009ರ ಜುಲೈನಲ್ಲಿ ಆಗಿನ ವಿರೋಧಪಕ್ಷದ ನಾಯಕ ಡೇವಿಡ್ ಕ್ಯಾಮೆರಾನ್ ರೇಡಿಯೋ ಸಂದರ್ಶನವೊಂದರಲ್ಲಿ ಅದೇ ಪದವನ್ನು ಪೆದ್ದನೆಂಬರ್ಥದಲ್ಲಿ ಹಗುರವಾಗಿ ಆಡಿ, ಅಂದೇ ಕ್ಷಮೆ ಕೋರಬೇಕಾಯಿತು. ಕೆಲವರ ಕಿವಿಗೆ ಅದು ಪೆದ್ದ, ಕೆಲವರ ಕಿವಿಗೆ ಬೇರೆಯೇ. ಉಚ್ಚಾರಣೆಯೂ ಎಲ್ಲ ಕಡೆ ಒಂದಲ್ಲ.

ಈ ಗೊಂದಲದಲ್ಲಿ ತೀರ್ಪು ಕೊಡಬೇಕಾದ ಪಾಡು ಪಾರ್ಲಿಮೆಂಟಿನ ಸಭಾಧ್ಯಕ್ಷರದು. ಹಂದಿ, ಇಲಿ, ಹೇಡಿ, ದ್ರೋಹಿ ಮೊದಲಾದವುಗಳೊಡನೆ ‘ಗಿಟ್’ ಎಂಬುದನ್ನೂ ಅಸಾಂಸದಿಕವೆಂದು ಸಭಾಧ್ಯಕ್ಷರು ತೀರ್ಮಾನಿಸಿದ್ದುಂಟು. ಉತ್ತರದಲ್ಲಿ ಇದು ‘ಗೆಟ್’. ಅಕ್ರಮವಾಗಿ ಹುಟ್ಟಿದವನು ಎಂಬುದು ಹಳೆಯ ಅರ್ಥ, ಬೇಸರ ಹುಟ್ಟಿಸುವವನು ಎಂಬುದು ಇಂದಿನದು. 1984ರಲ್ಲಿ ಡರ್ಬಿಷೈರಿನ ಮಾಜಿ ಗಣಿಕಾರ್ಮಿಕ, ಬೋಲ್ಸೋವರಿನ ಸದಸ್ಯ ಡೆನಿಸ್ ಸ್ಕಿನ್ನರ್ ಎದುರಾಳಿಯಾದ ಡೇವಿಡ್ ಓವೆನ್ ಅವರನ್ನು ‘ಪಾಂಪಸ್ ಸಾಡ್’ ಎಂದು ಕರೆದರು. ಮೊದಲ ಪದಕ್ಕೆ ಜಂಬದವನೆಂದು ಅರ್ಥ. ಎರಡನೆಯದರ ಮೂಲ ಬಹಳ ಕೆಟ್ಟದ್ದು. ಮಾತನ್ನು ಹಿಂದೆಗೆದುಕೊಳ್ಳಿರೆಂದು ಸಭಾಧ್ಯಕ್ಷರು ಆಜ್ಞಾಪಿಸಿದಾಗ, ‘ಪಾಂಪಸ್’ ಬೇಕಾದರೆ ಹಿಂದೆಗೆದುಕೊಳ್ಳುವೆನೆಂದು ಸ್ಕಿನ್ನರ್ ಒಪ್ಪಿದರು! ‘ಸಾಡ್’ ಮಾತ್ರ ಅಲ್ಲೇ ನಿಂತಿತು, ಅವರು ಸಭೆಯಿಂದ ಹೊರನಡೆದರು. ಇದನ್ನು ಬರಿಯ ಉದ್ಧಟತನವೆಂದು ನಕ್ಕುಬಿಡುವವರುಂಟು. ಗಣಿಯೂರಿನಲ್ಲಿ ‘ಸಾಡ್’ ಎಂದರೆ ಬಡಪಾಯಿ, ಮನುಷ್ಯ, ನಮ್ಮವನು ಎಂಬಷ್ಟೇ ಆಗುವುದುಂಟು. ಅಲ್ಲಿನವರ ತಕ್ಕಡಿಯಲ್ಲಿ ತೂಗಿದರೆ ಎರಡರಲ್ಲಿ ಹೆಚ್ಚು ಭಾರದ್ದು ‘ಜಂಬದವನು’ ಎಂಬುದೇ. ಸ್ಕಿನ್ನರ್ ಸಭೆಗೆ ಅಗೌರವ ತೋರಿದರೋ ತಮ್ಮ ಸೀಮೆಯ ತಕ್ಕಡಿಗೆ ಗೌರವ ತೋರಿದರೋ, ನಾನಂತೂ ಎರಡನೆಯದಕ್ಕೆ ವಾಲುತ್ತೇನೆ.

ಇಷ್ಟರವರೆಗೆ ನಗೆಯ ಮಾತಾಯಿತು. ಬೈಗುಳದ ತೂಕ ತಪ್ಪಿದ್ದರಿಂದ ಎರಡು ದೇಶಗಳ ಸಂಬಂಧವೇ ಹದಗೆಡುವಂತಾದದ್ದು 2008ರ ಜನವರಿಯಲ್ಲಿ, ಸಿಡ್ನಿಯ ಕ್ರಿಕೆಟ್ ಮೈದಾನದಲ್ಲಿ. ಭಾರತ ತಂಡದ ನಾಯಕರು ನಮ್ಮ ಬೆಂಗಳೂರಿನ ಅನಿಲ್ ಕುಂಬ್ಳೆ. ಹರ್ಭಜನ್ ಸಿಂಗ್ ತಮ್ಮ ತಂಡದ ಆಂಡ್ರ್ಯೂ ಸೈಮಂಡ್ಸರನ್ನು ‘ಮಂಕಿ’ ಎಂದರೆಂದು ಆಸ್ಟ್ರೇಲಿಯದವರು ದೂರಿತ್ತರು. ಧಾರವಾಡದ ಕಡೆ ತಾಯಿ ಮಗನಿಗೆ ‘ಮಂಗ್ಯಾ’ ಎನ್ನುವಾಗ ಅದರಲ್ಲಿ ಪ್ರೀತಿಯೇ ಹೆಚ್ಚು. ಉತ್ತರ ಇಂಗ್ಲೆಂಡಿನಲ್ಲಿ ತುಂಟ ಮಗುವನ್ನು ‘ಚೀಕಿ ಮಂಕಿ’ ಎನ್ನುವುದೂ ಹಾಗೆಯೇ. ಆದರೆ ಸೈಮಂಡ್ಸ್ ಕೆರಿಬಿಯನ್ ಮೂಲದವರು. ಕರಿಯರನ್ನು ಮನುಷ್ಯರ ಪಂಕ್ತಿಯಿಂದಲೇ ಹೊರಗಿಟ್ಟ ಶತಮಾನಗಳ ಅವಮಾನ ಆ ಪದದ ಹಿಂದೆ ನಿಂತಿತ್ತು. ಹರ್ಭಜನ್ ಅವರಿಗೆ ಮೂರು ಟೆಸ್ಟುಗಳ ನಿಷೇಧವಾಯಿತು. ತಾವಾಡಿದ್ದು ತಾಯಿಯ ಹೆಸರೆತ್ತುವ ಹಿಂದಿಯ ಮಾತೆಂದು, ಕೇಳಿದವರಿಗೆ ಅದು ‘ಮಂಕಿ’ಯಂತೆ ಕೇಳಿಸಿತೆಂದು ವಾದ ನಡೆಯಿತು. ಜನವರಿ 29ರಂದು ಅಡಿಲೇಡಿನಲ್ಲಿ ಮೇಲ್ಮನವಿ ಕೇಳಿದ ನ್ಯೂಜಿಲೆಂಡಿನ ನ್ಯಾಯಾಧೀಶ ಜಾನ್ ಹ್ಯಾನ್ಸನ್ ಅವರು ಜನಾಂಗನಿಂದೆ ರುಜುವಾತಾಗಲಿಲ್ಲವೆಂದು ನಿಷೇಧ ರದ್ದುಮಾಡಿ, ಅವಾಚ್ಯ ಮಾತಿಗಾಗಿ ಪಂದ್ಯದ ಸಂಭಾವನೆಯ ಅರ್ಧವನ್ನು ದಂಡ ಹಾಕಿದರು. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳ ವೈರಕ್ಕೆ ಕಾರಣವಾಗುವ ತಾಯಿಯ ಬೈಗುಳ ಅಲ್ಲಿ ರಕ್ಷಾಕವಚವಾಯಿತು.

ಅದೇ ಪಂದ್ಯದಲ್ಲಿ ಇನ್ನೊಂದು ದೂರು ನಮ್ಮವರದು. ಬ್ರಾಡ್ ಹಾಗ್ ಎಂಬ ಆಟಗಾರ ಕುಂಬ್ಳೆಯವರನ್ನೂ ಧೋನಿಯವರನ್ನೂ ‘ಬಾಸ್ಟರ್ಡ್ಸ್’ ಎಂದರೆಂಬುದು. ಇದು ಇಂಗ್ಲಿಷರು ಆಸ್ಟ್ರೇಲಿಯಕ್ಕೆ ಒಯ್ದ ಪದ. ಅಲ್ಲಿ ಅದು ಗೆಳೆತನದ ಸಂಬೋಧನೆಯೂ ಆಗುತ್ತದೆ. 1932-33ರ ‘ಬಾಡಿಲೈನ್’ ಸರಣಿಯ ಒಂದು ಕಥೆ ಪ್ರಚಲಿತವಾಗಿದೆ: ತಮ್ಮನ್ನು ಯಾರೋ ಹೀಗೆ ಬೈದರೆಂದು ಇಂಗ್ಲೆಂಡಿನ ನಾಯಕ ಜಾರ್ಡಿನ್ ದೂರು ಕೊಡಲು ಬಂದರಂತೆ. ಆಸ್ಟ್ರೇಲಿಯದ ವಿಕ್ ರಿಚರ್ಡ್‌ಸನ್ ತಂಡದ ಕಡೆ ತಿರುಗಿ, ಇವರನ್ನು ಹಾಗೆ ಕರೆದವರು ನಿಮ್ಮಲ್ಲಿ ಯಾರೆಂದು ವಿಚಾರಿಸುವಾಗ, ಬೈದವನಿಗೂ ಬೈಸಿಕೊಂಡವರಿಗೂ ಅದೇ ಪದವನ್ನು ಬಳಸಿದರಂತೆ! ನಮ್ಮವರಿಗೆ ಮಾತ್ರ ಅದು ಹೆತ್ತವರ ಮರ್ಯಾದೆಯ ಪ್ರಶ್ನೆ. ಹಾಗ್ ಕ್ಷಮೆ ಕೇಳಿದರು. ವಿಚಾರಣೆಗೆ ಮೊದಲೇ ಕುಂಬ್ಳೆಯವರು ದೂರನ್ನು ಹಿಂದೆಗೆದುಕೊಂಡರು.

ಕೊನೆಗೆ ಒಂದು ಪದ ಉಳಿಯಿತು. ಅದನ್ನು ಬರೆಯುವಾಗ ಕೈ ತಡೆಯುತ್ತದೆ. ‘ಸ್ಪ್ಯಾಸ್ಟಿಕ್’ ಎಂಬುದು ವೈದ್ಯಶಾಸ್ತ್ರದ ಪದ; ಸೆರೆಬ್ರಲ್ ಪಾಲ್ಸಿಯಿಂದ ಸ್ನಾಯುಗಳು ಬಿಗಿದುಕೊಂಡ ಸ್ಥಿತಿಯ ಹೆಸರು. ಅಂಥ ಮಕ್ಕಳ ಸೇವೆಗಾಗಿ 1952ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸಂಸ್ಥೆ ಇದೇ ಹೆಸರನ್ನು ಹೊತ್ತುಕೊಂಡಿತ್ತು. ಶಾಲೆಯ ಮಕ್ಕಳು ಅದನ್ನು ಮೊಟಕುಮಾಡಿ ‘ಸ್ಪ್ಯಾಜ್’ ಎಂಬ ಕ್ರೂರವಾದ ಬೈಗುಳ ಕಟ್ಟಿದರು. ಸಂಸ್ಥೆ 1994ರಲ್ಲಿ ‘ಸ್ಕೋಪ್’ ಎಂದು ಹೆಸರು ಬದಲಿಸಿತು. ಕೆಲವು ಶಾಲೆಗಳಲ್ಲಿ ‘ಸ್ಕೋಪರ್’ ಎಂಬ ಹೊಸ ಬೈಗುಳ ಹುಟ್ಟಿತೆಂದು ಹೇಳುತ್ತಾರೆ. ಅಮೆರಿಕದಲ್ಲಿ ‘ಸ್ಪ್ಯಾಜ್’ ಎಂದರೆ ಕೈಕಾಲು ಹಿಡಿತವಿಲ್ಲದೆ ಎಡವುವವನು, ಅಷ್ಟೆ. 2006ರಲ್ಲಿ ಗಾಲ್ಫ್ ಆಟಗಾರ ಟೈಗರ್ ವುಡ್ಸ್ ತಮ್ಮದೇ ಆಟವನ್ನು ಹಾಗೆ ಹೀಗಳೆದಾಗ ಅಮೆರಿಕದಲ್ಲಿ ಹೆಚ್ಚಿನವರು ಗಮನಿಸಲಿಲ್ಲ, ಬ್ರಿಟನ್ನಿನಲ್ಲಿ ಕೋಲಾಹಲವಾಯಿತು. 2022ರಲ್ಲಿ ಲಿಜ್ಜೋ ಮತ್ತು ಬಿಯಾನ್ಸೆ ಎಂಬ ಅಮೆರಿಕದ ಗಾಯಕಿಯರಿಬ್ಬರೂ ತಂತಮ್ಮ ಹಾಡುಗಳಿಂದ ಆ ಪದವನ್ನು ತೆಗೆದುಹಾಕಿದರು. ನಮ್ಮ ಬೆಂಗಳೂರಿನಲ್ಲೋ 1980ರ ದಶಕದ ಆರಂಭದಲ್ಲಿ ಸ್ಥಾಪಿತವಾದ ‘ಸ್ಪ್ಯಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ’ ಆ ಹೆಸರಿನಲ್ಲೇ ಜನರ ಗೌರವ ಗಳಿಸಿತು. ಕನ್ನಡದ ಕಿವಿಗೆ ಆ ಪದದಲ್ಲಿ ವಿಷವಿರಲಿಲ್ಲ.

ವಿಶ್ವಸಂಸ್ಥೆ 1981ನ್ನು ಅಂಗವಿಕಲರ ವರ್ಷವೆಂದು ಸಾರಿತ್ತು. ಬಿ.ಬಿ.ಸಿ.ಯ ‘ಬ್ಲೂ ಪೀಟರ್’ ಎಂಬ ಮಕ್ಕಳ ಕಾರ್ಯಕ್ರಮ ಜೋಯಿ ಡೀಕನ್ ಎಂಬ ಹಿರಿಯರನ್ನು ಎಳೆಯರಿಗೆ ಪರಿಚಯಿಸಿತು. ಸಹಾನುಭೂತಿ ಬೆಳೆಸುವುದು ಅದರ ಉದ್ದೇಶ. ಆದದ್ದೇ ಬೇರೆ. ದೇಶದ ಶಾಲೆಯಂಗಳಗಳಲ್ಲಿ ‘ಜೋಯಿ’ ಎಂಬುದೇ ಬೈಗುಳವಾಯಿತು. ಮಕ್ಕಳು ಆ ಮುದುಕರಂತೆ ಮೋರೆ ತಿರುಚಿ, ಕೈ ಮಡಚಿ, ಒಬ್ಬರನ್ನೊಬ್ಬರು ಅಣಕಿಸತೊಡಗಿದರು. ಆಸ್ಟ್ರೇಲಿಯದಲ್ಲಿ ‘ಜೋಯಿ’ ಎಂದರೆ ತಾಯಿಯ ಹೊಟ್ಟೆಚೀಲದಿಂದ ಇಣುಕುವ ಕಾಂಗರೂ ಮರಿ. ಆ ದಶಕದಲ್ಲಿ ಬೆಳೆದ ಬ್ರಿಟನ್ನಿನವರಿಗೆ ಮಾತ್ರ ಅದೇ ಎರಡು ಅಕ್ಷರ ಬೇರೆಯದನ್ನು ನೆನಪಿಗೆ ತರುತ್ತದೆ.

ಆ ಜೋಯಿ ಯಾರು? 1920ರಲ್ಲಿ ಸೆರೆಬ್ರಲ್ ಪಾಲ್ಸಿಯೊಡನೆ ಹುಟ್ಟಿ, ಬಾಲ್ಯದಲ್ಲೇ ಕೇಟರ್‌ಹ್ಯಾಮಿನ ಆಸ್ಪತ್ರೆ ಸೇರಿ, ಬಾಳೆಲ್ಲ ಅಲ್ಲೇ ಕ�ಳೆದವರು. ಅವರ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಅಲ್ಲೇ ಇದ್ದ ಎರ್ನಿ ರಾಬರ್ಟ್ಸ್ ಎಂಬ ಗೆಳೆಯನೊಬ್ಬನಿಗೆ ಮಾತ್ರ ತಿಳಿಯುತ್ತಿತ್ತು. ಜೋಯಿ ತಮ್ಮ ಬಾಳಿನ ಕಥೆಯನ್ನು ಹೇಳಿದರು. ಎರ್ನಿ ಅದನ್ನು ಕೇಳಿ ಇತರರಿಗೆ ತಿಳಿಯುವಂತೆ ಆಡಿ ತೋರಿಸಿದರು. ಮೈಕೇಲ್ ಸ್ಯಾಂಗ್‌ಸ್ಟರ್ ಎಂಬ ಇನ್ನೊಬ್ಬ ಗೆಳೆಯ ಕಾಗದದ ಮೇಲೆ ಬರೆದುಕೊಂಡರು. ಟಾಮ್ ಬ್ಲ್ಯಾಕ್‌ಬರ್ನ್ ಎಂಬ ನಾಲ್ಕನೆಯವರು ಅಕ್ಷರ ಅಕ್ಷರವಾಗಿ ಟೈಪು ಮಾಡಿದರು. ಹೀಗೆ ಒಂದು ವರ್ಷಕ್ಕೂ ಮಿಕ್ಕಿ ದುಡಿದು ಮುಗಿಸಿದ ಆ ಚಿಕ್ಕ ಪುಸ್ತಕ 1974ರಲ್ಲಿ ‘ಟಂಗ್ ಟೈಡ್’ ಎಂಬ ಹೆಸರಿನಿಂದ ಅಚ್ಚಾಯಿತು; ನಾಲಗೆ ಕಟ್ಟಿದವನು ಎಂದು ಅದರ ಅರ್ಥ. ಜೋಯಿ 1981ರ ಡಿಸೆಂಬರಿನಲ್ಲಿ, ತಮ್ಮ ಹೆಸರು ಶಾಲೆಯಂಗಳಗಳಲ್ಲಿ ಕೂಗಾಗುತ್ತಿದ್ದ ದಿನಗಳಲ್ಲೇ, ತೀರಿಕೊಂಡರು.